ತಿರಸ್ಕೃತವಾದ ಕ್ಷೇತ್ರಕಾರ್ಯದ ಲೇಖನವನ್ನು ಪುರಾತತ್ವ ಪತ್ರಿಕೆಗೆ ಮತ್ತೆ ಕಳುಹಿಸುವುದು ಹೇಗೆ?

ದೋಆಬಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಪುರಾತತ್ವದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. 3 ಬೇಸಿಗೆಗಳಲ್ಲಿ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ನವಶಿಲಾಯುಗದ 11 ನೆಲೆಗಳನ್ನು ದಾಖಲಿಸಿದ್ದೇನೆ. ಅವುಗಳಲ್ಲಿ 2 ಬೂದಿದಿಬ್ಬಗಳು, ಅಂದರೆ ಆ ಕಾಲದ ಜನರು ಸಗಣಿ ಸುಟ್ಟು ಉಳಿದ ಬೂದಿಯ ಗುಡ್ಡೆಗಳು. ಗೊಬ್ಬರಕ್ಕೆಂದು ರೈತರು ಬೂದಿ ಅಗೆದು ಸಾಗಿಸಿದ್ದರಿಂದ ಅವು ಅರ್ಧಕ್ಕಿಂತ ಹೆಚ್ಚು ಕರಗಿವೆ. ಒಂದು ನೆಲೆಯಲ್ಲಿ ಅರೆಬರೆ ಕೆತ್ತಿದ ಡಾಲರೈಟ್ (ಗಟ್ಟಿಯಾದ ಕಪ್ಪು ಕಲ್ಲು) ಕೊಡಲಿಗಳೂ ಕೆತ್ತುವಾಗ ಸಿಡಿದ ಕಲ್ಲಿನ ಚಕ್ಕೆಗಳೂ ಹೇರಳವಾಗಿ ಬಿದ್ದಿವೆ. ಉಳಿದ ನೆಲೆಗಳಲ್ಲಿ ಸಿಕ್ಕಿದ್ದು ನುಣುಪು ಮಾಡಿದ, ಬಳಸಿ ಸವೆದ ಕೊಡಲಿಗಳು ಮತ್ತು ಮಡಕೆ ಚೂರುಗಳು ಮಾತ್ರ.

ಇದನ್ನೆಲ್ಲ ಹಳ್ಳಿವಾರು ವಿವರಿಸಿ, 40 ಛಾಯಾಚಿತ್ರಗಳೊಂದಿಗೆ ಒಂದು ಪತ್ರಿಕೆಗೆ ಕಳುಹಿಸಿದೆ. ಹನ್ನೆರಡನೆಯ ದಿನವೇ ಸಂಪಾದಕರು ಪರಿಶೀಲಕರಿಗೂ ಕಳುಹಿಸದೆ, "ಬರಹ ಕೇವಲ ವಿವರಣಾತ್ಮಕವಾಗಿದೆ, ಸಂಶೋಧನಾ ಪ್ರಶ್ನೆ ಸ್ಪಷ್ಟವಿಲ್ಲ" ಎಂಬ ಎರಡು ಸಾಲಿನೊಡನೆ ಹಿಂತಿರುಗಿಸಿದರು. ಮೊದಲ ಲೇಖನವಾದ್ದರಿಂದ ಮನಸ್ಸಿಗೆ ಬಹಳ ನೋವಾಯಿತು. ಇದನ್ನು ಉಳಿಸಿಕೊಳ್ಳಲು ಸಾಧ್ಯವೇ? ಕಾಲದ ಬಗ್ಗೆ ಏನೂ ಹೇಳದಿದ್ದರೆ ಲೇಖನ ನಿಲ್ಲುವುದಿಲ್ಲವೆಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದ್ದರಿಂದ ಎಲ್ಲ ನೆಲೆಗಳಿಗೂ "ಕ್ರಿ.ಪೂ. 2500" ಎಂದು ಬರೆದಿದ್ದೆ, ಅದು ಸರಿಯೇ? ಸಮಯ ಉಳಿಸಲು ಎರಡು ಪತ್ರಿಕೆಗಳಿಗೆ ಒಟ್ಟಿಗೆ ಕಳುಹಿಸಬಹುದೇ? ಹಣ ಕಟ್ಟಿದರೆ ಒಂದು ವಾರದೊಳಗೆ ಪ್ರಕಟಿಸುತ್ತೇವೆಂದು ಇನ್ನೊಂದು ಪತ್ರಿಕೆಯಿಂದ ಪತ್ರ ಬಂದಿದೆ. ದಯವಿಟ್ಟು ತಿಳಿದವರು ಮಾರ್ಗದರ್ಶನ ಮಾಡಬೇಕು.

ಮಡಕೆಚೂರು

ಅನೇಕ ವರ್ಷಗಳಿಂದ ಇಂಥ ಹಸ್ತಪ್ರತಿಗಳನ್ನು ಪರಿಶೀಲಕನಾಗಿ ಓದುತ್ತಾ ಬಂದಿದ್ದೇನೆ. ತಂಗೀ, ನಿಮ್ಮ ಲೇಖನವನ್ನು ಖಂಡಿತ ಉಳಿಸಿಕೊಳ್ಳಬಹುದು. ನೀವು ಕೇಳಬೇಕಾದ ಪ್ರಶ್ನೆ ನಿಮ್ಮ ಬರಹದ ಮೊದಲ ಪರಿಚ್ಛೇದದಲ್ಲೇ ಇದೆ, ಆದರೆ ಅದನ್ನು ಪ್ರಶ್ನೆಯೆಂದು ನೀವು ಗುರುತಿಸಿಲ್ಲ. ಒಂದೇ ನೆಲೆಯಲ್ಲಿ ಅರೆಕೆತ್ತನೆಯ ಕೊಡಲಿಗಳು, ಉಳಿದೆಡೆ ಸವೆದ ಕೊಡಲಿಗಳು ಎಂದರೆ, ಕೊಡಲಿಗಳನ್ನು ಒಂದು ಕಡೆ ತಯಾರಿಸಿ ಸುತ್ತಲಿನ ವಸತಿಗಳಿಗೆ ಒಯ್ಯುತ್ತಿದ್ದರೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದುದು ಈಗಾಗಲೇ ಪ್ರಕಟವಾಗಿರುವ ಸಂಗತಿ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನಲ್ಲಿ ಅಂಥದೇ ವ್ಯವಸ್ಥೆ ಚಿಕ್ಕ ಪ್ರಮಾಣದಲ್ಲಿ ಇತ್ತೇ ಎಂದು ನೀವು ಕೇಳಿದ ಕೂಡಲೇ ನಿಮ್ಮ 11 ನೆಲೆಗಳ ವಿವರಕ್ಕೆ ಒಂದು ಬೆನ್ನೆಲುಬು ಬರುತ್ತದೆ.

ಕಾಲದ ವಿಷಯದಲ್ಲಿ ಮಾತ್ರ ನಾನು ನಿಷ್ಠುರವಾಗಿ ಹೇಳಲೇಬೇಕು. ದಕ್ಷಿಣ ಭಾರತದ ನವಶಿಲಾಯುಗ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಹರಡಿದೆ. ನೆಲದ ಮೇಲೆ ಹೆಕ್ಕಿದ ಚೂರುಗಳನ್ನು ನೋಡಿ ಅದರೊಳಗಿನ ಒಂದು ಇಸವಿಯನ್ನು ಆರಿಸಿ ಬರೆಯಲು ಯಾರಿಗೂ ಸಾಧ್ಯವಿಲ್ಲ. ಆ ಸಂಖ್ಯೆಯನ್ನು ತೆಗೆದುಹಾಕಿ. ಮುಂದೆ ಎಂದಾದರೂ ಇಂಗಾಲ-14 ಕಾಲನಿರ್ಣಯ (ಇದ್ದಿಲು, ಕಾಳುಗಳಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ತಿಳಿಯುವುದು) ಮಾಡಿಸಿದರೆ ಪ್ರಯೋಗಾಲಯದ ಮಾದರಿ ಸಂಖ್ಯೆ, ಮಾದರಿ ಇದ್ದಿಲೋ ಕಾಳೋ ಎಂಬುದು, ಅದು ದೊರೆತ ಪದರ, ಮೂಲ ಅಳತೆ ಮತ್ತು ಅದರ ದೋಷಮಿತಿ, ಆ ಅಳತೆಯನ್ನು ಇಸವಿಗೆ ಹೊಂದಿಸಲು ಬಳಸಿದ ರೇಖೆ ಇವೆಲ್ಲವೂ ಲೇಖನದಲ್ಲಿರಬೇಕು. ಇದ್ದಿಲು ಹಳೆಯ ಮರದ ತಿರುಳಿನದಾಗಿದ್ದರೆ ಬೆಂಕಿ ಹಾಕಿದ ಕಾಲಕ್ಕಿಂತ ಶತಮಾನದಷ್ಟು ಹಿಂದಿನ ಕಾಲವನ್ನೂ ತೋರಿಸಬಹುದು. ಒಂದೇ ಹಂಗಾಮಿನಲ್ಲಿ ಬೆಳೆದ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳಿನಲ್ಲಿ ಆ ತೊಂದರೆ ಇರುವುದಿಲ್ಲ.

ಸಂಪಾದಕರು ಏಕೆ ಇಷ್ಟು ಕಟ್ಟುನಿಟ್ಟಾಗಿರುತ್ತಾರೆ ಎಂಬುದಕ್ಕೆ ನಮ್ಮ ನೆಲದ್ದೇ ಉದಾಹರಣೆ ಕೊಡುತ್ತೇನೆ. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿ, ಪುರಾತತ್ವ ಸರ್ವೇಕ್ಷಣ ಇಲಾಖೆಯ 'ಏನ್ಷಂಟ್ ಇಂಡಿಯಾ' ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ವರದಿ ಪ್ರಕಟಿಸಿದರು. ಅವರ ಪ್ರಶ್ನೆ ಒಂದೇ: 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ವ್ಯಾಪಾರದ ವಸ್ತುಗಳ ನೆರವಿನಿಂದ ಕಾಲ ಗೊತ್ತಾದ ಮಡಕೆಗಳನ್ನು ಹಿಡಿದು, ದಖ್ಖನಿನ ಬೃಹತ್ ಶಿಲಾ ಸಮಾಧಿಗಳ ಮತ್ತು ಅವುಗಳ ಕೆಳಗಿನ ಕಲ್ಲುಕೊಡಲಿ ಜನರ ಕಾಲವನ್ನು ನಿರ್ಧರಿಸಬಹುದೇ? ಅವರು ಕೊಟ್ಟ ಉತ್ತರ ತಪ್ಪಾಯಿತು. ಕಲ್ಲುಕೊಡಲಿ ಸಂಸ್ಕೃತಿ ಕ್ರಿ.ಪೂ. ಮೊದಲನೆಯ ಸಹಸ್ರಮಾನದಲ್ಲಿ ಆರಂಭವಾಯಿತೆಂದು ಅವರು ತೀರ್ಮಾನಿಸಿದ್ದರು. ಮುಂದೆ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬದಂಥ ನೆಲೆಗಳ ಇಂಗಾಲ-14 ಅಳತೆಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. ಆದರೂ ಇಂದಿಗೂ ನಾವು ಆ ಸಂಚಿಕೆಯನ್ನು ತೆರೆಯುತ್ತೇವೆ. ಪದರಗಳ ಛೇದಚಿತ್ರ ಅಲ್ಲಿದೆ, ಯಾವ ಚೂರು ಯಾವ ಪದರದ್ದು ಎಂಬುದೂ ಇದೆ, ಮಡಕೆಗಳ ಅಳತೆಬದ್ಧ ರೇಖಾಚಿತ್ರಗಳಿವೆ. ತೀರ್ಮಾನ ಬಿದ್ದುಹೋದರೂ ಸಾಕ್ಷ್ಯ ನಿಂತಿದೆ. ನಿಮ್ಮ ಲೇಖನವನ್ನು ಓದುವವರು ನಿಮ್ಮ ಮಾತನ್ನು ಒಪ್ಪದಿದ್ದರೂ ನಿಮ್ಮ ಸಾಮಗ್ರಿಯನ್ನು ಬಳಸುವಂತಿರಬೇಕು ಎಂಬುದೇ ನನ್ನ ಆಗ್ರಹ.

ಆದ್ದರಿಂದ 40 ಛಾಯಾಚಿತ್ರಗಳಲ್ಲಿ ಎಂಟೋ ಹತ್ತೋ ಉಳಿಸಿ, ಬದಲಿಗೆ ಚೂರುಗಳ ರೇಖಾಚಿತ್ರ ಮಾಡಿ. ಬಾಯಂಚಿನ ಚೂರೊಂದನ್ನು ಗಾಜಿನ ಮೇಲೆ ಬೋರಲು ಇಟ್ಟು, ಅಂಚಿನ ಕೆಳಗಿನಿಂದ ಬೆಳಕು ನುಸುಳದ ಹಾಗೆ ಓರೆ ಮಾಡುತ್ತಾ ಹೋದರೆ ಮಡಕೆ ಇದ್ದಾಗ ಅದು ನಿಂತಿದ್ದ ಕೋನ ಸಿಗುತ್ತದೆ. ಬಳಿಕ ಅದನ್ನು ಏಕಕೇಂದ್ರ ವೃತ್ತಗಳ ಹಾಳೆಯ ಮೇಲೆ ಸರಿಸಿ, ಯಾವ ವೃತ್ತಕ್ಕೆ ಅಂಚು ಕೂಡುತ್ತದೆಯೋ ಅದರಿಂದ ಬಾಯಿಯ ವ್ಯಾಸವನ್ನು ಓದಿಕೊಳ್ಳಬೇಕು. ಮಧ್ಯರೇಖೆಯ ಒಂದು ಬದಿಗೆ ಕಪ್ಪು ತುಂಬಿದ ಛೇದ, ಇನ್ನೊಂದು ಬದಿಗೆ ಹೊರಮೈ, ಕೆಳಗೆ ಸೆಂಟಿಮೀಟರ್ ಪಟ್ಟಿ. ಅಂಗೈ ಅಗಲದ ಚೂರು ಹೀಗೆ ಹಾಳೆಯ ಮೇಲೆ ಪೂರ್ತಿ ಮಡಕೆಯ ಬಾಯಿಯಾಗಿ ಎದ್ದು ನಿಲ್ಲುವುದನ್ನು ನೋಡುವಾಗ ನನಗೆ ಈಗಲೂ ಸಂತೋಷವಾಗುತ್ತದೆ. ಛಾಯಾಚಿತ್ರದಿಂದ ಈ ಮಾಹಿತಿ ಸಿಗುವುದೇ ಇಲ್ಲ.

ಕೊನೆಯದಾಗಿ ನನ್ನದೊಂದು ಪ್ರಶ್ನೆ. ಉಳಿದ 10 ನೆಲೆಗಳಲ್ಲಿ ಚಕ್ಕೆಗಳು ಇರಲಿಲ್ಲವೇ, ಅಥವಾ ನಿಮಗೆ ಕಾಣಲಿಲ್ಲವೇ? ಎಷ್ಟು ಮೀಟರ್ ಅಂತರದಲ್ಲಿ ನಡೆದಿರಿ, ಆಗ ಹೊಲದಲ್ಲಿ ಬೆಳೆ ಇತ್ತೇ? ಪರಿಶೀಲಕರು ಮೊದಲು ಹಿಡಿಯುವುದು ಇದನ್ನೇ.

ತುಂಗಾತೀರ

ಹಿಂದಿನವರು ಒಳತಿರುಳನ್ನು ಹೇಳಿದ್ದಾರೆ; ನಾನು ವ್ಯಾವಹಾರಿಕ ವಿಷಯಗಳಿಗೆ ಉತ್ತರಿಸುತ್ತೇನೆ. ಎರಡು ಪತ್ರಿಕೆಗಳಿಗೆ ಏಕಕಾಲದಲ್ಲಿ ಕಳುಹಿಸಲೇಬಾರದು. ಬೇರೆಲ್ಲೂ ಪರಿಶೀಲನೆಯಲ್ಲಿಲ್ಲವೆಂದು ನೀವು ಬರೆದುಕೊಡುತ್ತೀರಿ, ಮತ್ತು ನಮ್ಮ ಕ್ಷೇತ್ರ ಚಿಕ್ಕದಾದ್ದರಿಂದ ಎರಡೂ ಪ್ರತಿಗಳು ಒಬ್ಬರೇ ಪರಿಶೀಲಕರ ಕೈ ಸೇರುವ ಸಾಧ್ಯತೆ ನಿಜವಾಗಿಯೂ ಇದೆ.

ವಾರದಲ್ಲಿ ಪ್ರಕಟಿಸುವವರಿಗೆ ಉತ್ತರವನ್ನೇ ಬರೆಯಬೇಡಿ. ಕೆಲವು ವರ್ಷಗಳ ಹಿಂದೆ ನನ್ನ ಸಹಪಾಠಿಯೊಬ್ಬರು ಹಾಗೆ ಹಣ ಕಟ್ಟಿ ಪ್ರಕಟಿಸಿದ ಲೇಖನ, ಆ ಜಾಲತಾಣವೇ ಮುಚ್ಚಿಹೋದದ್ದರಿಂದ ಈಗ ಎಲ್ಲಿಯೂ ಸಿಗುವುದಿಲ್ಲ. ಅದೇ ಸಾಮಗ್ರಿಯನ್ನು ಬೇರೆ ಪತ್ರಿಕೆಗೆ ಹೊಸದೆಂದು ಕೊಡಲೂ ಅವರಿಗೆ ಆಗಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿತ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿರುವುದರಿಂದ ಪತ್ರಿಕೆಯ ಯೋಗ್ಯತೆಯನ್ನು ಈಗ ನಾವೇ ಅಳೆಯಬೇಕು. ನೀವು ಉಲ್ಲೇಖಿಸಿದ ವಿದ್ವಾಂಸರು ಅದರಲ್ಲಿ ಬರೆದಿದ್ದಾರೆಯೇ, ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿವೆಯೇ ಎಂದು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ಪಿಎಚ್.ಡಿ.ಗೆ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದಿದೆ, ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಕೇಳಿ ನೋಡಿ.

ನಿಮ್ಮ ವಿಷಯಕ್ಕೆ ಪುಣೆಯಿಂದ ಬರುವ 'ಮ್ಯಾನ್ ಅಂಡ್ ಎನ್‌ವಿರಾನ್‌ಮೆಂಟ್' ಮತ್ತು ದೆಹಲಿಯ 'ಪುರಾತತ್ತ್ವ' ಸಹಜವಾದ ಆಯ್ಕೆಗಳು. ಕೇರಳ ವಿಶ್ವವಿದ್ಯಾಲಯದ 'ಹೆರಿಟೇಜ್' ಪತ್ರಿಕೆ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಅದರ ಕ್ಷೇತ್ರಕಾರ್ಯದ ಲೇಖನಗಳನ್ನು ಮಾದರಿಗಾಗಿ ಓದಿ. ಇಂಗ್ಲೆಂಡಿನ 'ಆಂಟಿಕ್ವಿಟಿ'ಯಲ್ಲಿ ನಡೆಯುತ್ತಿರುವ ಸಂಶೋಧನೆಗಳ ಕಿರುಲೇಖನಗಳಿಗೆ 1,500 ಪದಗಳ ಪ್ರಾಜೆಕ್ಟ್ ಗ್ಯಾಲರಿ ವಿಭಾಗವಿದೆ, ಆದರೆ ಅಲ್ಲಿಯೂ ಹೊಸ ಪ್ರಶ್ನೆಯೇ ಬೇಕು.

ವಸ್ತುಗಳನ್ನು ಹೆಕ್ಕಿ ತಂದಿದ್ದರೆ ಅವು ಈಗ ಎಲ್ಲಿವೆ, ಯಾರ ಅನುಮತಿಯಿಂದ ತಂದಿರಿ ಎಂಬುದನ್ನು ಲೇಖನದಲ್ಲೇ ಹೇಳಿ. ಬೂದಿದಿಬ್ಬದ ಕತ್ತರಿಸಿದ ಮೈಯಲ್ಲಿ ಇದ್ದಿಲು ಕಂಡಿತೆಂದು ಸ್ವಂತವಾಗಿ ಕೆದಕಬೇಡಿ. ಉತ್ಖನನಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ನಕ್ಷೆಯಲ್ಲಿ ನೆಲೆಗಳ ಸ್ಥಾನವನ್ನು ಮೀಟರ್ ಲೆಕ್ಕದಲ್ಲಿ ಪ್ರಕಟಿಸುವ ಮೊದಲು ಯೋಚಿಸಿ, ಏಕೆಂದರೆ ನಿಧಿ ಹುಡುಕುವವರೂ ಅದನ್ನು ಓದುತ್ತಾರೆ. ನಿಖರ ಅಂಕಿಗಳನ್ನು ಇಲಾಖೆಗೆ ಕೊಟ್ಟು, ಲೇಖನದಲ್ಲಿ ಸ್ಥೂಲವಾಗಿ ತೋರಿಸಬಹುದು.

ಹಳೆಯ ಮೇಷ್ಟ್ರು

ಅಮ್ಮಾ, ಈ 11 ನೆಲೆಗಳೂ ಹೊಸವೆಂದು ಬರೆಯುವ ಮುನ್ನ ಹಳೆಯ ದಾಖಲೆಗಳನ್ನು ನೋಡಿದ್ದೀರಾ? ರಾಯಚೂರು ನಿಜಾಮರ ಆಡಳಿತದಲ್ಲಿತ್ತಾದ್ದರಿಂದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಹೈದರಾಬಾದ್ ಇಲಾಖೆಯ ವರದಿಗಳನ್ನು ನೋಡಬೇಕು. ಲಿಂಗಸುಗೂರು ತಾಲ್ಲೂಕಿನ ನವಶಿಲಾಯುಗದ ನೆಲೆ ಪಿಕ್ಲಿಹಾಳದ ಬಗ್ಗೆ ಪುರಾತತ್ವಜ್ಞ ಆಲ್ಚಿನ್ ಅವರ ಉತ್ಖನನ ವರದಿ ಕೂಡ 1960ರಲ್ಲಿ ಹೈದರಾಬಾದಿನಿಂದಲೇ ಪ್ರಕಟವಾಯಿತು. ಪಕ್ಕದ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು; ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಂಗ್ರಹಿಸಿದ ಕಲ್ಲಿನ ಉಪಕರಣಗಳು ಇಂದಿಗೂ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿವೆ. ಆಮೇಲೆ 1953-54ರಿಂದ ಆರಂಭವಾದ 'ಇಂಡಿಯನ್ ಆರ್ಕಿಯಾಲಜಿ: ಎ ರಿವ್ಯೂ' ಸಂಪುಟಗಳನ್ನು ವರ್ಷವಾರು ತಿರುವಿ ಹಾಕಿ. ಅಲ್ಲಿ ಊರ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ವಿರೂಪಗೊಂಡಿರುತ್ತವೆ, ಗಟ್ಟಿಯಾಗಿ ಉಚ್ಚರಿಸಿ ನೋಡಿದಾಗಲೇ ನಮ್ಮ ಊರೆಂದು ಗೊತ್ತಾಗುವುದು.

ಇನ್ನೊಂದು ಮಾತು. ಆ ದಿಬ್ಬಗಳನ್ನು ನಿಮಗೆ ತೋರಿಸಿದವರು ಕುರಿ ಕಾಯುವವರೋ ಹೊಲದವರೋ ಇರಬೇಕು. ಅವರ ಒಪ್ಪಿಗೆ ಕೇಳಿ, ಕೃತಜ್ಞತೆಯಲ್ಲಿ ಅವರ ಹೆಸರನ್ನು ಬರೆಯಿರಿ. ಲೇಖನ ಪ್ರಕಟವಾದ ಮೇಲೆ ಅದರ ತಿರುಳನ್ನು ಕನ್ನಡದಲ್ಲಿಯೂ ಬರೆಯಿರಿ. ಕರ್ನಾಟಕ ಇತಿಹಾಸ ಅಕಾದೆಮಿಯ 'ಇತಿಹಾಸ ದರ್ಶನ' ಸಂಪುಟ ಇಂಥ ಬರಹಗಳಿಗಾಗಿಯೇ ಇದೆ. ಮೊದಲು ಇಂಗ್ಲಿಷಿನಲ್ಲಿ ಬಂದಿದೆ ಎಂಬುದನ್ನು ಸಂಪಾದಕರಿಗೆ ತಿಳಿಸಿದರಾಯಿತು. ಗೊಬ್ಬರಕ್ಕೆ ಬೂದಿ ಅಗೆಯುವ ರೈತರಿಗೆ ಅದು ನಾಲ್ಕು ಸಾವಿರ ವರ್ಷಗಳ ಹಿಂದಿನ ದನದ ಹಟ್ಟಿಯ ಸಗಣಿ ಸುಟ್ಟ ಬೂದಿ ಎಂದು ತಿಳಿಯುವುದು ಪುಣೆಯ ಪತ್ರಿಕೆಯಿಂದಲ್ಲ.

ದೋಆಬಿನ ವಿದ್ಯಾರ್ಥಿನಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಷ್ಟ್ರ ಮಾತಿನಂತೆ ಗ್ರಂಥಾಲಯದಲ್ಲಿ ಎರಡು ದಿನ ಕುಳಿತು ಸಂಪುಟಗಳನ್ನು ನೋಡಿದೆ. ನನ್ನ 11ರಲ್ಲಿ ಒಂದು ನೆಲೆ ಬೇರೊಂದು ಕಾಗುಣಿತದಲ್ಲಿ ಒಂದೇ ಸಾಲಿನಲ್ಲಿ ಮೊದಲೇ ದಾಖಲಾಗಿದೆ. ಹೊಸದೆಂದು ಬರೆದಿದ್ದ ಆ ವಾಕ್ಯವನ್ನು ತೆಗೆದಿದ್ದೇನೆ.

ಮಡಕೆಚೂರು ಅವರ ಪ್ರಶ್ನೆಗೆ ಉತ್ತರ ಹುಡುಕಲು ಕ್ಷೇತ್ರದ ಟಿಪ್ಪಣಿ ಪುಸ್ತಕ ತೆರೆದೆ. ಕೊಡಲಿ ತಯಾರಿಕೆಯ ನೆಲೆಯಲ್ಲಿ 5 ಮೀಟರ್ ಅಂತರದಲ್ಲಿ ನಡೆದಿದ್ದೇನೆ, ಬೇರೆ 6 ನೆಲೆಗಳಲ್ಲಿಯೂ ಹಾಗೆಯೇ. ಒಂದರಲ್ಲಿ ಎಷ್ಟು ಅಂತರದಲ್ಲಿ ನಡೆದೆನೆಂಬುದನ್ನೇ ಬರೆದುಕೊಂಡಿಲ್ಲ. ಉಳಿದ 3 ನೆಲೆಗಳು ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿದ್ದು, ನಾನು ಬದುವಿನ ಮೇಲಷ್ಟೇ ನಡೆದಿದ್ದೆ. ಅಲ್ಲಿ ಚಕ್ಕೆಗಳಿಲ್ಲ ಎಂದು ಬರೆದದ್ದು ತಪ್ಪು. ಕೊಯ್ಲು ಮುಗಿದು ನೆಲ ಒಣಗಿದ ಮೇಲೆ ಈ 4 ನೆಲೆಗಳಿಗೆ ಮತ್ತೆ ಹೋಗುತ್ತೇನೆ. ಅಲ್ಲಿಯವರೆಗೆ ಬಾಯಂಚಿನ ಚೂರುಗಳ ರೇಖಾಚಿತ್ರ ನಡೆದಿದೆ. ಈವರೆಗೆ 14 ಮುಗಿದಿವೆ.

ಮಡಕೆಚೂರು

ಗದ್ದೆಯಲ್ಲೂ ಅದೇ 5 ಮೀಟರ್ ಅಂತರದಲ್ಲಿ ನಡೆಯಿರಿ, ಇಲ್ಲದಿದ್ದರೆ ಹೋಲಿಕೆ ನಿಲ್ಲುವುದಿಲ್ಲ. ಚಕ್ಕೆಗಳು ಸಿಕ್ಕರೆ ನಿಮ್ಮ ಊಹೆ ಬದಲಾಗುತ್ತದೆ, ಆಗಲೂ ಲೇಖನ ಬರೆಯಿರಿ. ಒಂದು ಚೂರಿನ ರೇಖಾಚಿತ್ರವನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.