ಅಪ್ಪನಿಗೆ ಜಾಂಡೀಸ್, ನಾಟಿ ಔಷಧಿಗೆ ಕರೆದುಕೊಂಡು ಹೋಗಲಾ?

ಮದ್ದೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಅಮ್ಮ ಮದ್ದೂರು ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಪ್ಪನಿಗೆ 61 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ವಾರದಿಂದ ಊಟ ಸೇರುತ್ತಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಭಾನುವಾರ ಊರಿಗೆ ಹೋದಾಗ ಅಪ್ಪನನ್ನು ಹಿತ್ತಿಲ ಬಾಗಿಲ ಬೆಳಕಿಗೆ ಕರೆದು ನೋಡಿದೆ. ಕಣ್ಣು ಪೂರ್ತಿ ಹಳದಿ ಆಗಿತ್ತು.

ದೊಡ್ಡಪ್ಪನ ಮಗ ನಾಟಿ ಔಷಧಿ ಕೊಡುವವರೊಬ್ಬರನ್ನು ಗೊತ್ತು ಮಾಡಿದ್ದಾನೆ. ಗುರುವಾರ ಮತ್ತು ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಂತೆ. ಎಲೆ ಅರೆದು ಮೇಕೆ ಹಾಲಿನಲ್ಲಿ ಕೊಡುತ್ತಾರೆ, ಮೂರು ಸಲ. ಪಥ್ಯ ಜೋರಾಗಿದೆ. ಉಪ್ಪು, ಖಾರ, ಎಣ್ಣೆ ಯಾವುದೂ ಇಲ್ಲ. ಮೊಸರನ್ನ ತಿನ್ನಬಹುದು, ಕಬ್ಬಿನ ಹಾಲು ಎಷ್ಟು ಬೇಕಾದರೂ ಕುಡಿಯಬಹುದು. ಇಂಗ್ಲಿಷ್ ಮಾತ್ರೆ ಮುಟ್ಟಿದರೆ ಔಷಧಿ ಹತ್ತುವುದಿಲ್ಲವಂತೆ. ಅಪ್ಪ ಆಗಲೇ ಸಕ್ಕರೆ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ. ನಮ್ಮದೇ ಗದ್ದೆಯ ಕಬ್ಬು, ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದಾರೆ.

ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ. ಆದರೆ ಬೇಡ ಅಂದರೆ "ನಾಲ್ಕು ಅಕ್ಷರ ಓದಿಬಿಟ್ಟು ನಮಗೇ ಬುದ್ಧಿ ಹೇಳ್ತೀಯ" ಅನ್ನುತ್ತಾರೆ. ನಾಳಿದ್ದು ಗುರುವಾರ. ಏನು ಮಾಡಲಿ?

ಕೆ.ಆರ್.ಪೇಟೆ ರೈತ

ಭಯ ಬೀಳಬೇಡ ತಂಗಿ. ನನಗೆ 2011ರಲ್ಲಿ ಜಾಂಡೀಸ್ ಬಂದಿತ್ತು. ರಕ್ತದಲ್ಲಿ ಹಳದಿ ಅಂಶ, ಅದೇ ಬಿಲಿರುಬಿನ್, 8 ಇತ್ತು. ನಮ್ಮ ಕಡೆಯ ಒಬ್ಬ ಅಜ್ಜನ ಹತ್ತಿರ ಮೂರು ಸಲ ಎಲೆ ಔಷಧಿ ತೆಗೆದುಕೊಂಡೆ. ಇಪ್ಪತ್ತು ದಿನಕ್ಕೆ ನೇಗಿಲು ಹಿಡಿದೆ. ನಮ್ಮ ಬೀದಿಯಲ್ಲೇ ಹೀಗೆ ವಾಸಿಯಾದವರು ಐದಾರು ಜನ ಇದ್ದೇವೆ. ಪಥ್ಯ ಸರಿಯಾಗಿ ಮಾಡಿಸಿ, ಅಷ್ಟೇ.

ಪಾಂಡವಪುರದ ಸಿಸ್ಟರ್

ನೋಡಮ್ಮ, ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ಅದಕ್ಕೂ ಮುಂಚೆ ನಾನು ಜಾಂಡೀಸ್‌ಗೆ ಎಲೆ ಕೊಡುತ್ತಿದ್ದ ಅಜ್ಜಿಯ ಮೊಮ್ಮಗಳು. ಹಾಗಾಗಿ ಎರಡೂ ಕಡೆಯದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದು.

ನಮ್ಮಜ್ಜಿ ಕೊಡುತ್ತಿದ್ದದ್ದು ನೆಲನೆಲ್ಲಿ. ಮಳೆ ಬಿದ್ದ ಮೇಲೆ ಗದ್ದೆ ಬದುವಿನಲ್ಲಿ, ತೆಂಗಿನ ತೋಟದಲ್ಲಿ ತಾನಾಗಿ ಹುಟ್ಟುತ್ತದೆ. ಗೇಣುದ್ದದ ಗಿಡ. ಕಡ್ಡಿ ತಿರುಗಿಸಿ ನೋಡಿದರೆ ಅಡಿಯಲ್ಲಿ ಪುಟ್ಟ ಪುಟ್ಟ ಕಾಯಿ ಸಾಲಾಗಿ ಜೋತಿರುತ್ತವೆ. ಬೇರು ಸಮೇತ ಕಿತ್ತು, ತೊಳೆದು, ಒರಳಿನಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಗಿಡ ತರೋದು ನನ್ನ ಕೆಲಸ. ಅರೆಯುವಾಗ ಬರುತ್ತಿದ್ದ ಆ ಹಸಿ ಕಹಿ ವಾಸನೆ ಈಗಲೂ ಮೂಗಿನಲ್ಲಿದೆ.

ಆದರೆ ಅಜ್ಜಿ ಬಂದವರಿಗೆಲ್ಲ ಕೊಡುತ್ತಿರಲಿಲ್ಲ. ಜಗುಲಿ ಮೇಲೆ ಕೂರಿಸಿ ಮೊದಲು ಒಂದು ಮಾತು ಕೇಳುತ್ತಿದ್ದಳು. "ಬಯಲಕಡೆಗೆ ಹೋದಾಗ ಯಾವ ಬಣ್ಣ ಹೋಯ್ತದೆ?" ಮಾಮೂಲಿ ಬಣ್ಣ ಅಂದರೆ ಔಷಧಿ. ಬೂದಿ ಥರ, ಸುಣ್ಣದ ಥರ ಬೆಳ್ಳಗೆ ಅಂದರೆ, "ಇದು ನನ್ನ ಕೈಗೆ ಬಗ್ಗೋದಲ್ಲ ಕಣಪ್ಪ, ಮಂಡ್ಯದ ಆಸ್ಪತ್ರೆಗೆ ಹೋಗು" ಅಂತ ಎಬ್ಬಿಸಿ ಕಳಿಸುತ್ತಿದ್ದಳು. ಅಳುತ್ತಾ ಕಾಲು ಹಿಡಿದವರನ್ನೂ ಕಳಿಸಿದ್ದಾಳೆ.

ಯಾಕೆ ಅಂತ ನನಗೆ ಗೊತ್ತಾಗಿದ್ದು ನರ್ಸಿಂಗ್ ಓದುವಾಗ. ಪಿತ್ತ ಲಿವರ್‌ನಿಂದ ಒಂದು ಸಣ್ಣ ಕೊಳವೆಯಲ್ಲಿ ಕರುಳಿಗೆ ಇಳಿಯುತ್ತದೆ. ಮಲಕ್ಕೆ ಬಣ್ಣ ಬರುವುದೇ ಅದರಿಂದ. ಆ ದಾರಿ ಕಲ್ಲಿನಿಂದಲೋ ಗೆಡ್ಡೆಯಿಂದಲೋ ಕಟ್ಟಿಕೊಂಡರೆ ಪಿತ್ತ ಕೆಳಗಿಳಿಯದೆ ರಕ್ತಕ್ಕೆ ತಿರುಗುತ್ತದೆ. ಮಲ ಬೆಳ್ಳಗಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಥರ ಆಗುತ್ತದೆ, ಮೈಯೆಲ್ಲ ಕೆರೆತ ಶುರುವಾಗುತ್ತದೆ. ಕಟ್ಟಿದ ದಾರಿಯನ್ನು ಬಿಡಿಸಬೇಕು. ಎಲೆ ಅದನ್ನು ಬಿಡಿಸುವುದಿಲ್ಲ.

ಜಾಂಡೀಸ್ ಅನ್ನೋದು ಒಂದೇ ಕಾಯಿಲೆ ಅಲ್ಲಮ್ಮ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಇವೆ. ಅವು ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತವೆ. ಬಸುರಿಯರಿಗೆ ಮಾತ್ರ ಇ ಬಹಳ ಅಪಾಯ. ಹೆಪಟೈಟಿಸ್ ಬಿ ಬೇರೆ, ಅದು ವರ್ಷಗಟ್ಟಲೆ ಒಳಗೇ ಕೂತಿರಬಹುದು. ಕುಡಿತದಿಂದ ಬರುವುದಿದೆ. ಟಿ.ಬಿ. ಮಾತ್ರೆಯಿಂದ ಬರುವುದೂ ಇದೆ. ಗದ್ದೆಗೆ ಇಳಿಯುವವರಿಗೆ ಇಲಿ ಜ್ವರ ಬರುತ್ತೆ. ಇಲಿಯ ಮೂತ್ರ ಸೇರಿದ ನೀರಿನಲ್ಲಿ ಒಡೆದ ಕಾಲಿಟ್ಟರೆ ಸಾಕು. ಅದಕ್ಕೆ ಬೇಗ ಆಂಟಿಬಯೋಟಿಕ್ ಕೊಟ್ಟರೆ ಬದುಕುತ್ತಾರೆ, ತಡವಾದರೆ ಕಿಡ್ನಿ ಹೋಗುತ್ತದೆ. ಇವೆಲ್ಲದರಲ್ಲೂ ಕಣ್ಣು ಒಂದೇ ಥರ ಹಳದಿ ಕಾಣುತ್ತದೆ.

ಇನ್ನು ಹೇಳಬಾರದು ಅಂತ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ ಮಾತು. 2004ರಲ್ಲಿ ನನ್ನ ಚಿಕ್ಕಪ್ಪನಿಗೆ ಜಾಂಡೀಸ್ ಆಯಿತು. ನಾನಾಗ ಚಾಮರಾಜನಗರದ ಕಡೆ ಡ್ಯೂಟಿಯಲ್ಲಿದ್ದೆ. ಚಿಕ್ಕಮ್ಮ ಫೋನ್ ಮಾಡಿ "ಎಲೆ ಕೊಡಿಸ್ತಾ ಇದೀವಿ ಕಣವ್ವ" ಅಂದರು. ಒಳ್ಳೇದು, ನೀರು ಕಾಯಿಸಿ ಕುಡಿಸಿ ಅಂದೆ. ಮಲದ ಬಣ್ಣ ಯಾವುದು ಅಂತ ಕೇಳಲಿಲ್ಲ. ಅಜ್ಜಿ ಪ್ರತಿಯೊಬ್ಬರಿಗೂ ಕೇಳುತ್ತಿದ್ದ ಮಾತನ್ನು ನರ್ಸ್ ಆದ ನಾನು ಕೇಳಲಿಲ್ಲ. ಒಬ್ಬರಾದ ಮೇಲೆ ಇನ್ನೊಬ್ಬರು ಅಂತ ನಲವತ್ತು ದಿನ ಔಷಧಿ ನಡೆಯಿತು. ರಜೆಯಲ್ಲಿ ಊರಿಗೆ ಹೋದಾಗ ಅವರ ತೋಳಿನ ತುಂಬ ಕೆರೆದ ಗಾಯ ನೋಡಿದೆ. ನನಗೆ ಆಗಲೇ ಗೊತ್ತಾಯಿತು. ಸ್ಕ್ಯಾನ್ ಮಾಡಿಸಿದರೆ ಮೇದೋಜೀರಕದ ತಲೆಯಲ್ಲಿ ಗೆಡ್ಡೆ. ಆಪರೇಷನ್ ಮಾಡುವ ಹಂತ ದಾಟಿದೆ ಅಂದರು. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರು ಅಂತ ಆಣೆ ಮಾಡಿ ಹೇಳಲಾರೆ, ಅದು ಕೆಟ್ಟ ಕಾಯಿಲೆ. ಆದರೆ ಆ ನಲವತ್ತು ದಿನ ಅವರದಾಗಿತ್ತು, ನಾವು ಕಳೆದೆವು.

ಈಗ ನಿನ್ನ ಅಪ್ಪನ ವಿಷಯ. ಕಬ್ಬಿನ ಹಾಲು ಇವತ್ತೇ ನಿಲ್ಲಿಸು. ಊಟ ಸೇರದವರಿಗೆ ಸಿಹಿ ಒಳಗೆ ಹೋದರೆ ಸ್ವಲ್ಪ ಶಕ್ತಿ ಬರುತ್ತೆ, ಅದಕ್ಕೇ ನಮ್ಮ ಕಡೆ ಜಾಂಡೀಸ್ ಅಂದರೆ ಕಬ್ಬಿನ ಹಾಲು. ಸಕ್ಕರೆ ಕಾಯಿಲೆಯವರಿಗೆ, ಅದೂ ಮಾತ್ರೆ ಬಿಟ್ಟವರಿಗೆ, ಅದು ವಿಷದ ಹಾಗೆ. ಉಪ್ಪು ಪೂರ್ತಿ ಬಿಡಿಸಬೇಡ. ವಯಸ್ಸಾದವರಿಗೆ ಸೋಡಿಯಂ ಇಳಿದು ಮಂಕು ಹಿಡಿಯುತ್ತದೆ. ಸಕ್ಕರೆ ಮಾತ್ರೆಯನ್ನು ಅವರಾಗಿ ಬಿಟ್ಟಿದ್ದು ತಪ್ಪು, ಆದರೆ ನೀನಾಗಿ ಮತ್ತೆ ಶುರು ಮಾಡಬೇಡ. ಲಿವರ್ ಸರಿಯಿಲ್ಲದಾಗ ಯಾವ ಮಾತ್ರೆ, ಎಷ್ಟು ಅಂತ ಡಾಕ್ಟರೇ ಹೇಳಬೇಕು.

ನನಗೆ ಇಷ್ಟು ಹೇಳು. ಮಲ ಯಾವ ಬಣ್ಣ? ಮೈ ಕೆರೆತ ಇದೆಯಾ? ಚಳಿ ಜ್ವರ ಬಂದಿದೆಯಾ? ಬಲ ಪಕ್ಕೆ ಕೆಳಗೆ ನೋವು ಬಂದಿತ್ತಾ? ಅಪ್ಪನನ್ನು ನೇರವಾಗಿ ಕೇಳು. ಮಗಳ ಹತ್ತಿರ ಹೇಳಲು ನಾಚಿಕೊಂಡರೆ ಅಮ್ಮನಿಂದ ಕೇಳಿಸು.

ಮದ್ದೂರಿನ ಮಗಳು

ಸಿಸ್ಟರ್, ಓದಿ ಕೈಕಾಲು ನಡುಗುತ್ತಿದೆ. ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದ್ದೆ. ಮಲ ವಾರದಿಂದ ಬೆಳ್ಳಗೆ ಹೋಗುತ್ತಿದೆಯಂತೆ. ಮೊಸರನ್ನ ತಿಂದಿದ್ದಕ್ಕೆ ಹಾಗೆ ಅಂತ ಅಪ್ಪ ಸುಮ್ಮನಿದ್ದರಂತೆ. ರಾತ್ರಿ ಕೆರೆತಕ್ಕೆ ನಿದ್ದೆ ಇಲ್ಲ, ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಳೆ. ಹೋದ ತಿಂಗಳು ಒಂದು ಬೀಗರೂಟಕ್ಕೆ ಹೋಗಿ ಬಂದ ರಾತ್ರಿ ಬಲಪಕ್ಕೆಯಲ್ಲಿ ತಡೆಯಲಾರದ ನೋವು ಬಂದಿತ್ತು. ಗ್ಯಾಸ್ ಅಂತ ಓಮಿನ ಕಷಾಯ ಕುಡಿಸಿದ್ದಳಂತೆ, ಬೆಳಗ್ಗೆ ಹೊತ್ತಿಗೆ ಹೋಗಿತ್ತು. ನಿನ್ನೆ ಸಂಜೆಯಿಂದ ಚಳಿ ಜ್ವರ, ಎರಡು ಕಂಬಳಿ ಹೊದ್ದರೂ ನಡುಕ. ಪಕ್ಕದ ಮನೆಯವರ ಮಿಷನ್‌ನಲ್ಲಿ ಶುಗರ್ ನೋಡಿದರೆ 386.

ಪಾಂಡವಪುರದ ಸಿಸ್ಟರ್

ಈಗಲೇ ಹೊರಡಿಸು. ಬೆಳಗಾಗಲಿ ಅನ್ನಬೇಡ. ಹಳದಿ, ಪಕ್ಕೆ ನೋವು, ನಡುಕದ ಜ್ವರ ಮೂರೂ ಸೇರಿದರೆ ಕಟ್ಟಿಕೊಂಡ ಪಿತ್ತದಲ್ಲಿ ಸೋಂಕು ಆಗಿರಬಹುದು. ಅದು ರಕ್ತಕ್ಕೆ ಹರಡಲು ಹೊತ್ತು ಬೇಕಾಗಿಲ್ಲ. ರಾತ್ರಿ ಸ್ಕ್ಯಾನ್ ಇರುವ, ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಮಂಡ್ಯ ಆದರೂ ಸರಿ, ಮೈಸೂರಾದರೂ ಸರಿ. ಗಾಡಿ ಸಿಗದಿದ್ದರೆ 108.

ಮಾತ್ರೆ ಚೀಟಿ, ಆಧಾರ್, ಬಿಪಿಎಲ್ ಕಾರ್ಡ್ ತರಲು ಹೇಳು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಏನೇನು ನಾಟಿ ಔಷಧಿ ಕೊಟ್ಟಿದ್ದೀರೋ ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ದಾರಿಯಲ್ಲಿ ಮಂಪರು ಬಂದರೆ, ಮಾತು ತೊದಲಿದರೆ ಹೋದ ತಕ್ಷಣ ಅದನ್ನೇ ಮೊದಲು ಹೇಳಿ.

ಗ್ರಂಥಿಗೆ ಅಂಗಡಿ ಹುಡುಗ

ನಾನು ಮೈಸೂರಿನಲ್ಲಿ ಆಯುರ್ವೇದ ಓದಿ ಈಗ ಹೌಸ್ ಸರ್ಜನ್ ಆಗಿದ್ದೇನೆ. ನಮ್ಮ ತಾತನದು ಗ್ರಂಥಿಗೆ ಅಂಗಡಿ. ಸಿಸ್ಟರ್ ಅವರ ಅಜ್ಜಿ ಕೇಳುತ್ತಿದ್ದ ಮಾತು ಓದಿ ಮೈ ಜುಮ್ ಅಂದಿತು. ಚರಕ ಸಂಹಿತೆಯಲ್ಲೇ ಅದು ಇದೆ. ಎಳ್ಳು ಅರೆದ ಹಿಟ್ಟಿನಂಥ ಬಣ್ಣದ ಮಲ ಹೋಗುವ ಕಾಮಾಲೆಯನ್ನು ಅಲ್ಲಿ ಬೇರೆಯಾಗಿಯೇ ಎಣಿಸಿದ್ದಾರೆ, ಕಫದಿಂದ ಪಿತ್ತದ ದಾರಿ ಕಟ್ಟಿದೆ ಎಂದು. ಎರಡು ಬಗೆಗೂ ಚಿಕಿತ್ಸೆ ಬೇರೆ ಬೇರೆ. ಎಲ್ಲ ಹಳದಿ ಕಣ್ಣಿಗೂ ಒಂದೇ ಎಲೆ ಅನ್ನೋದು ಆಯುರ್ವೇದವೂ ಅಲ್ಲ.

ನೆಲನೆಲ್ಲಿಯ ಬಗ್ಗೆ ಒಂದು ಮಾತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವರೂ ಮದ್ರಾಸಿನ ಸಂಶೋಧಕರೂ ಸೇರಿ ಈ ಗಿಡವನ್ನು ಪರೀಕ್ಷೆ ಮಾಡಿದ್ದರು. 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗಿಡದ ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಗಿತ್ತು. ಎಲ್ಲರಿಗೂ ದೊಡ್ಡ ಆಸೆ ಹುಟ್ಟಿತು. ಆಮೇಲೆ ಬೇರೆ ಕಡೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. ನನಗೆ ಆ ಗಿಡದ ಮೇಲೆ ಪ್ರೀತಿ ಇದೆ, ಅದಕ್ಕೇ ಇದನ್ನೂ ಹೇಳಬೇಕು ಅನ್ನಿಸಿತು.

ಕೆ.ಆರ್.ಪೇಟೆ ರೈತ

ತಂಗಿ, ನಾನು ಮೊದಲು ಬರೆದದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ. ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಅಪ್ಪ ಹುಷಾರಾಗಲಿ. ಸಿಸ್ಟರ್, ಹಾಗಾದರೆ ನನಗೆ ವಾಸಿಯಾಗಿದ್ದು ಆ ಅಜ್ಜನ ಔಷಧಿಯಿಂದ ಅಲ್ವಾ?

ಪಾಂಡವಪುರದ ಸಿಸ್ಟರ್

ನಿಮ್ಮದು ನೀರಿನಿಂದ ಬಂದದ್ದು ಇರಬೇಕು ಅಣ್ಣ. ಒಂದೇ ಬೀದಿಯಲ್ಲಿ ಐದಾರು ಜನಕ್ಕೆ ಆಗಿತ್ತು ಅಂದರೆ ನನಗೆ ಮೊದಲು ನೆನಪಾಗುವುದು ನಲ್ಲಿ ಪೈಪಿಗೆ ಸೇರಿದ ಚರಂಡಿ ನೀರು. ಅದು ಎಲೆ ತಿಂದರೂ ಇಳಿಯುತ್ತದೆ, ತಿನ್ನದಿದ್ದರೂ ಇಳಿಯುತ್ತದೆ. ಆ ಅಜ್ಜ ನಿಮ್ಮನ್ನು ಇಪ್ಪತ್ತು ದಿನ ಮನೆಯಲ್ಲಿ ಕೂರಿಸಿದರು, ಹೆಂಡ ಬಿಡಿಸಿದರು, ಎಣ್ಣೆ ಪದಾರ್ಥ ಬಿಡಿಸಿದರು, ಧೈರ್ಯ ಹೇಳಿದರು. ಅದಕ್ಕೆ ಅವರನ್ನು ನೆನೆಯಿರಿ. ನಾನೂ ನಮ್ಮಜ್ಜಿಯನ್ನು ಹಾಗೆಯೇ ನೆನೆಯುತ್ತೇನೆ. ಕೆಮ್ಮಿಗೆ ದೊಡ್ಡಪತ್ರೆ, ಹೊಟ್ಟೆ ಉಬ್ಬರಕ್ಕೆ ಜೀರಿಗೆ ಕಷಾಯ ಇವತ್ತಿಗೂ ನಮ್ಮ ಮನೆಯಲ್ಲಿ ನಡೆಯುತ್ತದೆ.

ಮದ್ದೂರಿನ ಮಗಳು

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಅವತ್ತು ರಾತ್ರಿಯೇ ಅಪ್ಪನನ್ನು ಮೈಸೂರಿಗೆ ಕರೆತಂದರು. ಕಾರು ಓಡಿಸಿಕೊಂಡು ಬಂದವನು ದೊಡ್ಡಪ್ಪನ ಮಗನೇ. ಪಿತ್ತಕೋಶದಲ್ಲಿ ಕಲ್ಲು ಇತ್ತು. ಅದರಲ್ಲಿ ಒಂದು ಜಾರಿ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ಬಿಲಿರುಬಿನ್ 11 ಇತ್ತು. ಆಂಟಿಬಯೋಟಿಕ್ ಹಾಕಿ, ಮಾರನೇ ದಿನ ಬಾಯಿಂದ ಟ್ಯೂಬ್ ಬಿಟ್ಟು ಕಲ್ಲು ತೆಗೆದು, ದಾರಿ ಮುಚ್ಚದ ಹಾಗೆ ಒಂದು ಸಣ್ಣ ನಳಿಕೆ (ಸ್ಟೆಂಟ್) ಇಟ್ಟರು. ಇಆರ್‌ಸಿಪಿ ಅನ್ನುತ್ತಾರೆ. ನಾಲ್ಕನೇ ದಿನ ಅಪ್ಪ ಕೆರೆದುಕೊಳ್ಳದೆ ನಿದ್ದೆ ಮಾಡಿದರು. ಅಮ್ಮ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಈಗ ಬಿಲಿರುಬಿನ್ 4ಕ್ಕೆ ಇಳಿದಿದೆ. ಸಕ್ಕರೆಗೆ ಸದ್ಯಕ್ಕೆ ಇನ್ಸುಲಿನ್. ಪಿತ್ತಕೋಶ ತೆಗೆಯುವ ಆಪರೇಷನ್ ಮುಂದಿನ ತಿಂಗಳು.

ಅಮ್ಮ ಕೇಳುತ್ತಿದ್ದಾಳೆ, ಮೆಂತ್ಯ ನೆನೆಸಿದ ನೀರು, ಜೀರಿಗೆ ಕಷಾಯ ಈಗ ಕೊಡಬಹುದಾ ಅಂತ.

ಪಾಂಡವಪುರದ ಸಿಸ್ಟರ್

ಓದಿ ಕಣ್ಣು ತುಂಬಿ ಬಂತು ಮಗಳೇ. ತೆಳ್ಳಗೆ ಜೀರಿಗೆ ಕಷಾಯ ಕೊಡಲಿ, ಬೆಲ್ಲ ಬೇಡ. ಮೆಂತ್ಯ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ. ಇನ್ಸುಲಿನ್ ಜೊತೆಗೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಶುಗರ್ ತೀರಾ ಇಳಿದೀತು.

ಇನ್ನೊಂದು. ಸ್ಟೆಂಟ್ ಯಾವಾಗ ತೆಗೆಯುತ್ತಾರೆ ಅಂತ ಕೇಳಿ ಆ ತಾರೀಖನ್ನು ಊರ ಮನೆಯ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿಡು. ಹುಷಾರಾದರಲ್ಲ ಅಂತ ಮರೆತುಬಿಡುವವರನ್ನು ತುಂಬ ನೋಡಿದ್ದೇನೆ. ಬಿಟ್ಟರೆ ಅದೂ ಕಟ್ಟಿಕೊಳ್ಳುತ್ತದೆ, ಮತ್ತೆ ಅದೇ ಚಳಿ ಜ್ವರ ಬರುತ್ತದೆ.