ಸಹಾಯ ಬೇಕು: ಆಯಿಲ್ ಬಿಸಿಯಾದ ಮೇಲೆ ರೀಲ್ ನಿಧಾನ ಆಗ್ತಿದೆ, ತಪ್ಪು ಪಂಪಿನದೋ ಮೋಟರಿನದೋ?

ಮೂರು ರೀಲಿನ (ತಿರುಗೋ ಬ್ಲೇಡ್ ಸಿಲಿಂಡರ್) ಹುಲ್ಲು ಕತ್ತರಿಸೋ ಮಷಿನ್ನು. ರೀಲ್ ತಿರುಗಿಸೋ ಮೂರು ಹೈಡ್ರಾಲಿಕ್ ಮೋಟರ್‌ಗಳೂ ಸೀರೀಸ್‌ನಲ್ಲಿವೆ, ಅಂದ್ರೆ ಪಂಪಿನ ಆಯಿಲ್ ಒಂದರಿಂದ ಹೊರಬಂದು ಮುಂದಿನದಕ್ಕೆ ಹೋಗುತ್ತೆ. ಆಯಿಲ್ ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ. ಮುಕ್ಕಾಲು ಗಂಟೆ ಓಡಿದ ಮೇಲೆ ಎರಡನೇ, ಮೂರನೇ ರೀಲ್ ಸುಸ್ತಾಗುತ್ತವೆ. ಹುಲ್ಲಿನ ತುದಿ ಕತ್ತರಿಸದೆ ಜಗಿದಂಗೆ ಹರಿದು, ಮಾರನೇ ದಿನ ಬಿಳಿಚಿಕೊಳ್ಳುತ್ತೆ. ಮೊದಲನೇದು ಅಷ್ಟಾಗಿ ನಿಧಾನ ಆಗಲ್ಲ.

ಮಾಡಿ ನೋಡಿದ್ದು: ಆಯಿಲ್ (ಮಂದತೆಯ ದರ್ಜೆ ವಿಜಿ 46), ಫಿಲ್ಟರ್ ಎರಡೂ ಹೊಸದು. ಕೂಲರ್ ಜಾಲರಿಯ ಹುಲ್ಲಿನ ಪುಡಿ ಊದಿ ತೆಗೆದಾಯ್ತು. ಟ್ಯಾಂಕಿನಲ್ಲಿ ನೊರೆ ಇಲ್ಲ, ಅಂದ್ರೆ ಪಂಪ್ ಆಯಿಲ್ ಹೀರೋ ಸಕ್ಷನ್ ಕಡೆ ಗಾಳಿ ಎಳೀತಿಲ್ಲ. ಬೆಡ್‌ನೈಫ್ (ರೀಲಿನ ಕೆಳಗಿರೋ ತಿರುಗದ ಬ್ಲೇಡ್) ಬಿಗಿಯಾಗಿಲ್ಲ, ರೀಲ್‌ಗಳು ಕೈಯಲ್ಲಿ ಸಲೀಸಾಗಿ ತಿರುಗುತ್ತವೆ. ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರಿದ್ರೆ ಆಯಿಲ್ ಹೊರಬಿಡೋದು) ಬಿಚ್ಚಿ ತೊಳೆದು ಹಾಕಿದೆ, ಸೀಟಿನಲ್ಲಿ ಗೀರು ಕಾಣಲಿಲ್ಲ.

ತಲೆ ಕೆಟ್ಟಿರೋದು ಇಲ್ಲಿ. ಬಿಸಿ ಇದ್ದಾಗ ಮೊದಲನೇ ಮೋಟರಿನ ಕೇಸ್ ಡ್ರೇನ್ ಪೈಪನ್ನು (ಮೋಟರಿನ ಒಳಗೆ ಸೋರಿದ ಆಯಿಲ್ ಟ್ಯಾಂಕಿಗೆ ವಾಪಸ್ ಒಯ್ಯೋದು) ಬಾಟಲಿಗೆ ಬಿಟ್ಟರೆ, ಉಳಿದೆರಡಕ್ಕಿಂತ ಜಾಸ್ತಿ ಆಯಿಲ್ ಬರುತ್ತೆ. ಆದ್ರೆ ಸೀರೀಸ್‌ನಲ್ಲಿ ಒಳಬರೋ ಪ್ರೆಷರ್ ಅತಿ ಹೆಚ್ಚು ಇರೋದೇ ಅದಕ್ಕೆ, ಸ್ವಲ್ಪ ಜಾಸ್ತಿ ಬರೋದು ಸಹಜ ತಾನೇ? ಇತ್ತ ಪಂಪ್ ಪೋರ್ಟಿನ ಗೇಜೂ ಬಿಸಿಯಾದಂತೆ ಇಳೀತಾ ಹೋಗುತ್ತೆ. ಪಂಪ್ ಸವೆದಿದ್ರೆ ಮೂರೂ ರೀಲ್ ಒಟ್ಟಿಗೇ ನಿಧಾನ ಆಗಬೇಕಿತ್ತಲ್ವಾ?

ಡ್ರೇನ್ ಬ್ಲಾಕ್ ಮಾಡಿ ನೋಡಿ ಅಂತ ಮಾತ್ರ ಹೇಳಬೇಡಿ, ಶಾಫ್ಟ್ ಸೀಲ್ ಹಾರಿಹೋಗುತ್ತೆ.

ಫ್ಲೋ ಮೀಟರ್ ಇಲ್ಲದೆ, ಗೇಜ್ ಮತ್ತು ಬಾಟಲಿ ಅಳತೆಯಿಂದಲೇ ಪಂಪ್ ಸವೆತವನ್ನೂ ಮೊದಲನೇ ಮೋಟರಿನ ಒಳಸೋರಿಕೆಯನ್ನೂ ಬೇರೆ ಮಾಡೋದು ಹೇಗೆ? ಒಂದು ಮತ್ತು ಮೂರನೇ ಮೋಟರ್ ಅದಲುಬದಲು ಮಾಡಿದ್ರೆ ಉತ್ತರ ಸಿಗುತ್ತಾ?