ಕೂತಾಗ ಆರಾಮ, ಮೆಟ್ಟಿಲು ಹತ್ತಿದರೆ ಉಸಿರು ಸಿಗಲ್ಲ. ಯಾಕೆ?

ಮಲೆನಾಡಿಗ:
ಅಮ್ಮನಿಗೆ 63 ವರ್ಷ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ. ಬೀಡಿ ಸಿಗರೇಟು ಮುಟ್ಟಿದವರಲ್ಲ, ನಲವತ್ತು ವರ್ಷ ಸೌದೆ ಒಲೆ ಊದಿದವರು. ಕೂತು ಮಾತಾಡುವಾಗ ಏನೂ ಗೊತ್ತಾಗಲ್ಲ. ಮೆಟ್ಟಿಲು ಹತ್ತಿ ಮಹಡಿಗೆ ಬಂದರೆ ಮಾತ್ರ ಕಂಬಿ ಹಿಡಿದು ನಿಂತುಬಿಡುತ್ತಾರೆ, ಕತ್ತಿನ ನರ ಎದ್ದು ಕಾಣುತ್ತದೆ. "ಎಳೆದರೂ ಒಳಗೆ ಹೋಗ್ತಿಲ್ಲ ಕಣೋ" ಅಂತಾರೆ. ಆಕ್ಸಿಮೀಟರ್ ನೋಡಿದರೆ 94! ಓಡಾಟವನ್ನೇ ಬಿಡಿಸಬೇಕಾ?

ಫಿಸಿಯೋ ಅಕ್ಕ:
ದಯವಿಟ್ಟು ಬಿಡಿಸಬೇಡಿ. ಇಂಥವರಿಗೇ ವ್ಯಾಯಾಮ ಮಾಡಿಸುವುದು ನನ್ನ ಕೆಲಸ, ಈ ಮಾತು ದಿನಾ ಕೇಳುತ್ತೇನೆ. ಅಮ್ಮ ಹೇಳಿದ್ದು ನಿಜ, ಒಳಗೆ ಜಾಗವೇ ಇಲ್ಲ, ಯಾಕೆಂದರೆ ಹಳೆ ಗಾಳಿ ಹೊರಗೆ ಹೋಗಿಲ್ಲ. ನಿಮಿಷಕ್ಕೆ 15 ಉಸಿರಾದರೆ ಒಂದೊಂದಕ್ಕೂ 4 ಸೆಕೆಂಡ್ ಸಿಗುತ್ತದೆ, ಹತ್ತುವಾಗ 30 ಆದರೆ ಬರೀ 2. ಕಿರಿದಾದ ಶ್ವಾಸನಾಳಗಳಿಂದ ಅಷ್ಟರಲ್ಲಿ ಗಾಳಿ ಖಾಲಿಯಾಗಲ್ಲ, ಅದರ ಮೇಲೇ ಇನ್ನೊಂದು ಉಸಿರು ಬೀಳುತ್ತದೆ, ಹೀಗೆ ಎದೆ ಉಬ್ಬುತ್ತಾ ಹೋಗಿ ಗುಮ್ಮಟದ ಹಾಗಿರಬೇಕಾದ ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಚಪ್ಪಟೆಯಾಗುತ್ತದೆ. ಅದಕ್ಕೆ ಎಳೆಯುವ ಬಲ ಸಾಲದೆ ಕತ್ತಿನ ಸ್ನಾಯುಗಳು ಕೆಲಸಕ್ಕೆ ಇಳಿಯುತ್ತವೆ. ನೀವು ನೋಡಿದ್ದು ಅದನ್ನೇ. 94 ಅಂದರೆ ರಕ್ತದಲ್ಲಿ ಆಮ್ಲಜನಕ ಇದೆ ಅಂತಷ್ಟೇ, ಅದಕ್ಕಾಗಿ ಎದೆ ಎಷ್ಟು ಒದ್ದಾಡುತ್ತಿದೆ ಅಂತ ಆ ಯಂತ್ರ ಹೇಳಲ್ಲ.

ಪೂರ್ತಿ ಉಸಿರು ಎಳೆದು, ಒಂಚೂರೇ ಬಿಟ್ಟು, ಅದರ ಮೇಲೇ ಉಸಿರಾಡುತ್ತಾ ಹತ್ತು ಹೆಜ್ಜೆ ನಡೆದು ನೋಡಿ. ಅಮ್ಮನ ಕಷ್ಟ ಅರ್ಥವಾಗುತ್ತದೆ.

ಅಮ್ಮನಿಗೆ ಹೀಗೆ ಉಸಿರಾಡಲು ಹೇಳಿಕೊಡಿ: ಮೂಗಿನಿಂದ ಎರಡು ಎಣಿಕೆ ಒಳಗೆ. ಆಮೇಲೆ ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕೂಡಿಸಿ ನಾಲ್ಕು ಎಣಿಕೆ ಹೊರಗೆ. ಉಸಿರು ಬಿಡುತ್ತಲೇ ಮೆಟ್ಟಿಲು ಹತ್ತಲಿ, ಎಳೆಯುವಾಗ ನಿಲ್ಲಲಿ.

ಹಳೇ ಏದುಸಿರು:
ನನಗೂ ಇದೇ ಕಾಯಿಲೆ. ಮೆಟ್ಟಿಲಿಗಿಂತ ತಂತಿ ಮೇಲೆ ಬಟ್ಟೆ ಹಾಕುವುದೇ ಜಾಸ್ತಿ ಕಷ್ಟ. ಕೈ ಮೇಲೆತ್ತಿದರೆ ಉಸಿರಿಗೆ ನೆರವಾಗುವ ಹೆಗಲಿನ ಸ್ನಾಯುಗಳು ಅತ್ತ ಹೋಗುತ್ತವಂತೆ. ತಂತಿಯನ್ನು ಎದೆಯ ಮಟ್ಟಕ್ಕೆ ಇಳಿಸಿದೆ, ತಲೆ ಬಾಚುವುದು ಕೂತೇ. ಸುಸ್ತಾದಾಗ ಮುಂದಕ್ಕೆ ಬಾಗಿ ಮೊಣಕೈ ಊರಿದರೆ ಬೇಗ ಹಗುರಾಗುತ್ತದೆ.

ಮಲೆನಾಡಿಗ:
ಇವತ್ತು ಮಾಡಿಸಿದೆ ಅಕ್ಕಾ. ಆರನೇ ಮೆಟ್ಟಿಲಲ್ಲಿ ಒಮ್ಮೆ ನಿಂತರು, ಆದರೆ ಮೇಲೆ ಬಂದ ತಕ್ಷಣ ಮಾತಾಡಿದರು! ನಡಿಗೆಯಿಂದ ಶ್ವಾಸಕೋಶ ಸರಿಹೋಗುತ್ತಾ?

ಫಿಸಿಯೋ ಅಕ್ಕ:
ಶ್ವಾಸಕೋಶ ಹಾಗೇ ಇರುತ್ತದೆ, ಕಾಲು ಗಟ್ಟಿಯಾಗುತ್ತದೆ. ಗಟ್ಟಿ ಕಾಲಿಗೆ ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕು. ಪಲ್ಮನರಿ ರಿಹ್ಯಾಬ್ (ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಾಡಿಸುವ ವ್ಯಾಯಾಮ, ತರಬೇತಿ) ಸಾಮಾನ್ಯವಾಗಿ 6ರಿಂದ 12 ವಾರ, ಡಾಕ್ಟರ ಹತ್ತಿರ ಕೇಳಿ. ನಡಿಗೆಗೆ ಮುಂಚೆ ಇನ್ಹೇಲರ್ ತೆಗೆದುಕೊಳ್ಳಬೇಕಾ ಅಂತಲೂ ಕೇಳಿ. ನಡೆಯುವಾಗ ಎದೆನೋವು ಬಂದರೆ, ಇಲ್ಲವೇ ಆಕ್ಸಿಮೀಟರ್ 88ಕ್ಕಿಂತ ಕೆಳಗಿಳಿದರೆ ಅಲ್ಲೇ ಕೂರಿಸಿ, ಡಾಕ್ಟರಿಗೆ ತಿಳಿಸಿ.